ಕೊಟ್ಟಿಗೆಯೂ ಸರ್ಕಸ್ಸೂ

ಹೊಸ ಮರವನ್ನು ಮುದಿ ಮಾಡುವುದು ಮೇಸ್ತ್ರಿಯ ಕಸುಬು. ನಿನ್ನೆ ಮೊನ್ನೆ ಕೊಯ್ದು ತಂದ ಹಲಗೆಯನ್ನು ಸರಪಳಿಯಿಂದ ಹೊಡೆದು ತಗ್ಗು ಬೀಳಿಸುತ್ತಿದ್ದ. ಮೊಳೆಯ ಮೊನೆಯಿಂದ ಹುಳು ಕೊರೆದಂಥ ತೂತು ಮಾಡುತ್ತಿದ್ದ. ತುಕ್ಕು ಕಬ್ಬಿಣ ನೆನೆಹಾಕಿದ ಹುಳಿನೀರು ಬಳಿದರೆ ಮರ ಕಣ್ಣೆದುರೇ ಕಪ್ಪೇರಿ, ಯಾರದೋ ಮುತ್ತಜ್ಜನ ಕಾಲದ್ದಾಗಿ ಕೂರುತ್ತಿತ್ತು. ಗಾಜು, ಉಕ್ಕು ನೋಡಿ ನೋಡಿ ಬೇಸತ್ತವರು ತಮ್ಮ ನುಣುಪು ಹಜಾರದಲ್ಲಿಡಲು ಇಂಥ ಒರಟು ಮೇಜು, ಬೆಂಚು ಹುಡುಕಿಕೊಂಡು ಅವನಲ್ಲಿಗೆ ಬರುತ್ತಿದ್ದರು. ಮೇಜಿನ ಅಂಚು ಎಲ್ಲಿ ಸವೆಯುತ್ತದೆ, ಕುರ್ಚಿಯ ಅಡ್ಡಪಟ್ಟಿ ಯಾವ ಹಿಮ್ಮಡಿಗೆ ನುಣುಪಾಗುತ್ತದೆ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಬೇಗ ತೀರಿಕೊಂಡಿದ್ದಳು. ಅಪ್ಪ ಮಗ ಇಬ್ಬರೂ ಎರಡು ಹಲಗೆ ಒರಗಿಸಿಟ್ಟ ಹಾಗೆ ಬದುಕಿದ್ದರು. ಕಿಟಕಿಗೆ ಪರದೆಯಿಲ್ಲ, ಬೆಂಚಿಗೆ ಮೆತ್ತೆಯಿಲ್ಲ, ಬಲ್ಬು ತಂತಿಯಲ್ಲಿ ಬೋಳಾಗಿ ನೇತಾಡುತ್ತಿತ್ತು.

ಆ ಮನೆಗೆ ಸೊಸೆ ಬಂದದ್ದು ಒಂದು ಟ್ರಂಕು ತುಂಬ ತುಂಡುಬಟ್ಟೆ ಹೊತ್ತುಕೊಂಡು. ದರ್ಜಿಯ ಮಗಳು; ಅಪ್ಪನ ಕತ್ತರಿಯಿಂದ ಬಿದ್ದದ್ದನ್ನೆಲ್ಲ ಚಿಕ್ಕಂದಿನಿಂದ ಕೂಡಿಟ್ಟಿದ್ದಳು. ಬಂದ ವಾರದಲ್ಲೇ ಬೆಂಚಿನಿಂದ ಎದ್ದು ಹಿಂದೆ ತಿರುಗಿ ನೋಡಿಕೊಂಡಳು.

"ಮಾವ, ಇದರ ಮೇಲೆ ಕೂತು ಎದ್ರೆ ಅರ್ಧ ಬಟ್ಟೆ ಬೆಂಚಿಗೇ ಬಿಟ್ಟು ಏಳ್ಬೇಕು."

"ಅದು ಮರದ ಗುಣ."

"ಸ್ವಲ್ಪ ಮನುಷ್ಯರ ಗುಣಾನೂ ಸೇರಿಸ್ಲಾ?"

ಮೇಸ್ತ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಷ್ಟೇ ಸಾಕಾಯಿತು ಅವಳಿಗೆ. ಬೆಂಚಿಗೆ ತುಂಡುಬಟ್ಟೆ ಕೂಡಿಸಿದ ಮೆತ್ತೆ ಬಂತು. ಕಿಟಕಿಗೆ ಒಂದೊಂದು ಪಟ್ಟಿ ಒಂದೊಂದು ಬಣ್ಣದ ಪರದೆ. ಬಲ್ಬಿಗೆ ಬೆತ್ತದ ಬುಟ್ಟಿ ಬೋರಲು ಹಾಕಿ ಅದರಂಚಿಗೆ ಕುಚ್ಚು ಇಳಿಬಿಟ್ಟಳು. ಹರಕಲು ಹೆಣೆದು ನೆಲಕ್ಕೆ ಹಾಸಿದಳು. ಅಲೆಮಾರಿಗಳ ಡೇರೆಯೊಂದು ದಾರಿ ತಪ್ಪಿ ಮರದ ಕಾರ್ಖಾನೆಯೊಳಗೆ ನುಗ್ಗಿದ ಹಾಗಿತ್ತು ಮನೆ. ಮೇಸ್ತ್ರಿಯ ಪೆನ್ಸಿಲು ದಿನಾ ಕಳೆದುಹೋಗುವುದನ್ನು ನೋಡಿ, ಕನ್ನಡಿಚೂರು ಕೂರಿಸಿದ ಪುಟ್ಟ ಚೀಲವೊಂದನ್ನು ಹೊಲಿದು ಕೆಲಸದ ಬೆಂಚಿನ ಪಕ್ಕ ತೂಗುಹಾಕಿದಳು.

"ಇದರಲ್ಲಿಡಿ ಮಾವ. ಕಿವಿ ಮೇಲಿಟ್ಕೊಂಡು ಊರೆಲ್ಲ ಹುಡುಕ್ತೀರ."

ಎದುರು ಸಾಲಿನಲ್ಲಿ ಹಾಸಿಗೆ ಹೊಲಿಯುವವನ ಅಂಗಡಿ. ಮೂಗಿನ ತುದಿಯಲ್ಲಿ ಸದಾ ಹತ್ತಿ, ಬಾಯಿಗೆ ಬೀಗವಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು ಒಳಗೆಲ್ಲ ಕಣ್ಣಾಡಿಸಿ ಕೂಗಿದ: "ಮೇಸ್ತ್ರಿ, ನಿನ್ನ ಕೊಟ್ಟಿಗೆಗೂ ಸರ್ಕಸ್ಸಿಗೂ ಮದುವೆ ಆಗೋಯ್ತಲ್ಲಯ್ಯಾ!"

ಬೀದಿಯೆಲ್ಲ ನಕ್ಕಿತು. ಹೆಸರು ಅಂಟಿಕೊಂಡಿತು. ತಮಾಷೆಯೆಂದರೆ, ಗಿರಾಕಿಗಳು ಇಣುಕಿ ನೋಡಿ ಬೆಂಚಿನ ಜೊತೆ ಮೆತ್ತೆಯನ್ನೂ ಕೇಳತೊಡಗಿದರು. ಒರಟು ಮರದ ಮೇಲೆ ಬಣ್ಣದ ಬಟ್ಟೆ ಬಿದ್ದರೆ ಎರಡಕ್ಕೂ ಜೀವ ಬರುತ್ತದೆ ಎಂದು ಮೇಸ್ತ್ರಿಗೂ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳುವವನಲ್ಲ, ಅಷ್ಟೆ.

ಆಮೇಲೆ ಮಗ ಹೋದ. ಜ್ವರವೆಂದು ಮಲಗಿದವನು ಏಳಲಿಲ್ಲ.

ಸೊಸೆ ತವರಿಗೆ ಹೋಗುತ್ತಾಳೆ ಎಂದುಕೊಂಡವರೇ ಎಲ್ಲ. ಅವಳು ಹೋಗಲಿಲ್ಲ. ಹೋಗು ಎಂದು ಮೇಸ್ತ್ರಿಯೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಅವಳು ನೆಲದ ಮೇಲೆ ಕೂತು, ಬೆನ್ನು ಬಿಲ್ಲಾಗಿ ಬಗ್ಗಿಸಿ, ಬೆಳಗಿನಿಂದ ಸಂಜೆಯವರೆಗೆ ಹೊಲಿಯುತ್ತಿದ್ದಳು. ಸಮಾಧಾನದ ಮಾತು ಅವನಿಗೆ ಬರುತ್ತಿರಲಿಲ್ಲ. ಹಲಸಿನ ಹೊಸ ಹಲಗೆ ತಂದು, ಕಿಟಕಿಯ ಪಕ್ಕ ಕೂತು ಹೊಲಿಯಲೆಂದು ಒಂದು ಮೇಜು ಮಾಡಿದ. ಅರಿಶಿನದಂಥ ಹಳದಿ ಮರ. ಕೆಲಸ ಮುಗಿದ ಮೇಲೆ ಅಭ್ಯಾಸಬಲದಿಂದ ಸರಪಳಿ ಕೈಗೆತ್ತಿಕೊಂಡ.

ಅವಳು ಎದ್ದು ಬಂದು ಸರಪಳಿಯ ತುದಿ ಹಿಡಿದಳು.

"ಅದಕ್ಕೂ ಹೊಡೀಬೇಕಾ ಮಾವ? ಈ ಮನೆಗೆ ಬಿದ್ದಿರೋ ಪೆಟ್ಟು ಸಾಲದಾ?"

ಮೇಸ್ತ್ರಿಯ ಕೈ ಅಲ್ಲೇ ನಿಂತಿತು.

"ಬಿಡಿ. ಇದೊಂದು ತಾನಾಗಿ ಹಳತಾಗ್ಲಿ."

ಮೇಜಿನ ಒಂದು ತುದಿಗೆ ಹೊಲಿಗೆ ಯಂತ್ರ ಬಂತು. ಇನ್ನೊಂದು ತುದಿಗೆ ಅವಳು ತಾನೇ ಕ್ರೋಶಾ ಹಾಕಿದ ಬಿಳಿ ಬಟ್ಟೆ ಹಾಸಿದಳು. ನಡುವೆ ದೊಡ್ಡ ಹೂವು, ಸುತ್ತ ಚಿಕ್ಕ ಎಸಳು, ಎಳೆ ಎಳೆಯ ನಡುವೆ ಗಾಳಿ ಆಡುವಷ್ಟು ಕಿಂಡಿ. ಜಾರದಿರಲಿ ಎಂದು ಮೂಲೆಗಳನ್ನು ದಾರದಿಂದ ಮೇಜಿನ ಕಾಲುಗಳಿಗೆ ಕಟ್ಟಿದಳು. ಒಗೆದು ತಂದರೂ ಮತ್ತೆ ಅದೇ ಗಂಟು. ವರ್ಷಗಳು ಹೋದವು. ದಿನಾ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬಂದು ಆ ಬಟ್ಟೆಯ ಮೇಲೆ ಕೂರುತ್ತಿತ್ತು.

ಮಾವ ಸೊಸೆ ಬಣ್ಣಕ್ಕೆ ಜಗಳವಾಡಿದರು, ಮೆತ್ತೆಯ ದಪ್ಪಕ್ಕೆ ಜಗಳವಾಡಿದರು, ಮಗನ ಮಾತೊಂದನ್ನು ಇಬ್ಬರೂ ಎತ್ತಲಿಲ್ಲ.

ಸಾಮಾನು ಸಾಗಿಸುವ ವ್ಯಾನಿನವನನ್ನು ಮೊದಲು ಗಮನಿಸಿದ್ದು ಮೇಸ್ತ್ರಿಯೇ. ಹೆಂಡತಿ ಸತ್ತವನು, ಮಾತು ಕಮ್ಮಿ. ಹಗ್ಗ ಬಿಗಿಯುವ ಮುಂಚೆ ಮೇಜಿನ ಮೂಲೆ ಮೂಲೆಗೂ ಗೋಣಿಚೀಲ ಮಡಿಸಿಡುತ್ತಿದ್ದ. ಗಿರಾಕಿಯ ಕಣ್ಣಿಗೆ ಬೀಳದ ಅಡಿಭಾಗಕ್ಕೂ ಇಡುತ್ತಿದ್ದ. ಸೊಸೆ ಮೆತ್ತೆಗಳನ್ನು ಎತ್ತಿಕೊಡುವಾಗ ಕೈ ಒರೆಸಿಕೊಂಡು ತೆಗೆದುಕೊಳ್ಳುತ್ತಿದ್ದ. ಅವಳು ಅವನಿಗೆ ಮಾತ್ರ ಟೀ ಲೋಟದ ಕೆಳಗೆ ಬಟ್ಟೆ ತುಂಡು ಇಟ್ಟು ಕೊಡುತ್ತಿದ್ದಳು. ಒಂದು ದಿನ ಮೇಸ್ತ್ರಿ ಅಳತೆಪಟ್ಟಿಯ ಮೇಲಿಂದ ಕಣ್ಣೆತ್ತದೆ ಹೇಳಿದ.

"ವ್ಯಾನಿನೋನು ಒಳ್ಳೆಯವನು."

"ಅದಕ್ಕೆ?"

"ಅದಕ್ಕೇನಿಲ್ಲ. ನಿನಗಿನ್ನೂ ವಯಸ್ಸಿದೆ."

ಸೂಜಿ ನಿಂತಿತು. "ನಿಮಗೆ ನಾನು ಭಾರ ಆದ್ನಾ ಮಾವ?"

"ಹುಚ್ಚಿ! ಭಾರ ಅಂದ್ರೇನು ಅಂತ ನನಗೆ ಹೇಳ್ಕೊಡ್ತೀಯಾ? ತೊಲೆ ಹೊತ್ತೋನು ನಾನು."

ಅವಳು ನಕ್ಕಳು. ಆದರೆ ಕೇಳಿದ ಪ್ರಶ್ನೆಗೆ ಇಲ್ಲ ಎಂಬ ಒಂದು ಮಾತು ಬರಲಿಲ್ಲವೆನ್ನುವುದು ಮೇಸ್ತ್ರಿಗೆ ಹೊಳೆಯಲೇ ಇಲ್ಲ.

ಎಲ್ಲ ನಿಶ್ಚಯವಾಗಿ ವ್ಯಾನಿನವನ ಜೊತೆ ಮದುವೆಯೂ ಆಯಿತು. ಹೊರಡುವ ಹಿಂದಿನ ದಿನ ಅವಳು ಹೊಸ ಮನೆ ಗುಡಿಸಿ ಬರಲು ಹೋಗಿದ್ದಾಗ ಮೇಸ್ತ್ರಿ ಅಂಗಡಿ ಮುಚ್ಚಿದ. ಕೂಡಿಸಿದ ಮರವನ್ನು ಬಿಚ್ಚುವಾಗ ಚೂರೂ ಸಿಬಿರು ಉಳಿಯಬಾರದು, ಉಳಿದರೆ ಎರಡು ಕಡೆಯೂ ಚುಚ್ಚುತ್ತದೆ ಎಂದು ಕಲಿತವನು. ಅವಳ ಒಂದು ನೂಲೂ ಇಲ್ಲಿ ಸಿಕ್ಕಿಕೊಳ್ಳಬಾರದು, ನಿಶ್ಚಿಂತೆಯಾಗಿ ಹೋಗಲಿ. ಪರದೆಗಳನ್ನು ಬಳೆಯಿಂದ ಬಿಡಿಸಿದ. ಮೆತ್ತೆ, ಹಾಸು, ಬಲ್ಬಿನ ಬುಟ್ಟಿ, ಕುಚ್ಚು. ಸಂಜೆಯ ಮಬ್ಬಿನಲ್ಲಿ ಮೇಜಿನ ಕಾಲಿನ ಗಂಟುಗಳನ್ನು ತಡವಿ ಬಿಚ್ಚಿ ಕ್ರೋಶಾ ಬಟ್ಟೆಯನ್ನೂ ಮಡಿಸಿಟ್ಟ. ಕೊನೆಗೆ ಪೆನ್ಸಿಲಿನ ಚೀಲ. ಎಲ್ಲ ತುಂಬಿ ಟ್ರಂಕನ್ನೂ ಹೊಲಿಗೆ ಯಂತ್ರವನ್ನೂ ಬಾಗಿಲ ಪಕ್ಕ ತಂದಿಟ್ಟ. ಒಳ್ಳೆ ಕೆಲಸ ಮಾಡಿದವನಂತೆ ಬೆವರೊರೆಸಿಕೊಂಡ.

ಅವಳು ಹೊಸ್ತಿಲಲ್ಲೇ ನಿಂತಳು. ಬೋಳು ಬಲ್ಬು, ಬೋಳು ಬೆಂಚು, ಬೋಳು ಕಿಟಕಿ.

"ಇದೇನು ಮಾವ?"

"ನಿನ್ನದೆಲ್ಲ ಕಟ್ಟಿಟ್ಟಿದೀನಮ್ಮ. ನೋಡು, ಒಂದೂ ಬಿಟ್ಟಿಲ್ಲ."

"ಒಂದೂ ಬಿಟ್ಟಿಲ್ಲ" ಎಂದಳು ಅವಳೂ. ಟ್ರಂಕಿನ ಮೇಲೆ ಕೈಯಿಟ್ಟು, "ಪೆನ್ಸಿಲ್ ಎಲ್ಲಿಡ್ತೀರಿ?"

"ಕಿವಿ ಮೇಲೆ."

ಅವಳು ತಲೆಯಾಡಿಸಿದಳು. ಚಪ್ಪಲಿ ಮೆಟ್ಟಿ ಎದುರಿನ ಅಂಗಡಿಗೆ ಹೋಗಿ ಬಂದಳು. ಮರುದಿನ ವ್ಯಾನು ಬಂತು. "ಬರ್ತೀನಿ ಮಾವ" ಎಂದಳು. ಟ್ರಂಕನ್ನು ಗಂಡ ಹೊತ್ತ. ಮೇಸ್ತ್ರಿ ವ್ಯಾನಿನ ಹಿಂಬಾಗಿಲನ್ನು ತಾನೇ ಹಾಕಿ ಚಿಲಕ ಭದ್ರವೇ ಎಂದು ಎಳೆದು ನೋಡಿದ.

ಒಳಗೆ ಬಂದರೆ ಕಿಟಕಿಯಿಂದ ಬೆಳಗಿನ ಬಿಸಿಲು ನೇರ ಮೇಜಿನ ಮೇಲೆ ಬಿದ್ದಿತ್ತು. ಬಟ್ಟೆಯಿದ್ದ ತುದಿಯ ತುಂಬ ಹೂವು.

ಬಿಸಿಲು ಉಂಡು ಉಂಡು ಹಲಸಿನ ಮರ ಕಡುಕಂದಾಗಿತ್ತು. ಆದರೆ ಎಳೆಗಳು ಮುಚ್ಚಿದ್ದ ಜಾಗವೆಲ್ಲ ಮೊದಲ ದಿನದ ಹಳದಿ. ಹೂವು, ಎಸಳು, ಅಂಚಿನ ಕಮಾನು, ಮೂಲೆಯಲ್ಲಿ ಅವಳು ತಪ್ಪಿ ಎರಡು ಸಲ ಹಾಕಿದ ಕೊಂಡಿ ಕೂಡ. ಎಷ್ಟೋ ಮನೆಗಳಿಗೆ ಹಳತನ್ನು ಮಾಡಿ ಕಳಿಸಿದವನ ಮನೆಯಲ್ಲೇ ಇದು ಸದ್ದಿಲ್ಲದೆ ಆಗುತ್ತಿತ್ತು. ಮೇಸ್ತ್ರಿ ಬೆರಳಿಟ್ಟು ನೋಡಿದ. ಬೆರಳಿಗೆ ಏನೂ ತಾಗಲಿಲ್ಲ. ಬರೀ ಬಣ್ಣ.

ಆವತ್ತೇ ಹಾಸಿಗೆಯವನು ಬೀದಿ ದಾಟಿ ಬಂದ. ಎಂದಿನ ನಗೆ ಮುಖದಲ್ಲಿರಲಿಲ್ಲ.

"ಏನಯ್ಯಾ ಮಾಡ್ದೆ ನೀನು? ನಿನ್ನ ಮನೆಗೆ ಅಂತ ಹೊಸ ಪರದೆ, ಹೊಸ ಮೆತ್ತೆ, ಎಲ್ಲ ಹೊಲಿದು ನನ್ನ ಅಂಗಡೀಲಿ ಬಚ್ಚಿಟ್ಟಿದ್ಲು. ನಾನು ಹೋದ್ಮೇಲೂ ಮನೆ ಬೋಳಾಗಬಾರದು, ನೀವೇ ಹಾಕ್ಕೊಡಿ ಅಣ್ಣ ಅಂದಿದ್ಲು."

"ಎಲ್ಲಿದೆ?"

"ನಿನ್ನೆ ಬಂದು ತಗೊಂಡು ಹೋದ್ಲು. ಮಾವನಿಗೆ ನನ್ನದೊಂದು ಚಿಂದೀನೂ ಬೇಡವಂತೆ ಅಂದ್ಲು."

ಹಾಸಿಗೆಯವನು ಹೋದ ಮೇಲೆ ಮೇಸ್ತ್ರಿ ಎದ್ದು ಹೋಗಿ ಕಿಟಕಿ ಮುಚ್ಚಿದ. ಬಟ್ಟೆಯ ಮರೆಯಿಲ್ಲದ ಹಳದಿ ಇನ್ನು ಬಿಸಿಲಿಗೆ ಕಪ್ಪಾಗುತ್ತದೆ, ಹೂವು ಸುತ್ತಲ ಕಂದಿನಲ್ಲಿ ಮುಳುಗಿಹೋಗುತ್ತದೆ ಎಂದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು?

ಹೋಗಿ ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಅಂಗಿ ತೊಟ್ಟ. ಹೊಸ ಸಂಸಾರದ ಬಾಗಿಲಲ್ಲಿ ಹಳೆಯ ಮಾವ ನಿಂತರೆ ಹೇಗೆ ಎಂದು ಮತ್ತೆ ಕಳಚಿದ. ಮುಚ್ಚಿದ ಕಿಟಕಿ ಮುಚ್ಚಿಯೇ ಇತ್ತು. ಹಗಲಲ್ಲೂ ಬಲ್ಬು ಹಾಕಿಕೊಂಡು ಬೇಯಿಸಿಕೊಂಡ, ಉಂಡ. ಮೇಜಿನ ಮೇಲೆ ಒಂದು ಲೋಟವನ್ನೂ ಇಡಲಿಲ್ಲ.

ಸೆಕೆ ಕಾಲ ಕಳೆದ ಮೇಲೆ ಒಂದು ಬೆಳಿಗ್ಗೆ ವ್ಯಾನು ಬಂದು ನಿಂತಿತು. ಗಿರಾಕಿಯ ಕುರ್ಚಿಗಳನ್ನು ಒಯ್ಯಬೇಕಿತ್ತು. ಗಂಡ ಅಂಗಡಿಯಲ್ಲಿ ಮೂಲೆಗಳಿಗೆ ಗೋಣಿ ಮಡಿಸುತ್ತಿದ್ದ. ಅವಳು ಒಳಗೆ ಬಂದಳು. ಬೆಂಚಿನ ತುದಿಯಲ್ಲಿ ಕೂತಳು.

"ನೀರು ಕೊಡ್ತೀರಾ ಮಾವ?"

ಆ ಮನೆಯ ಕೊಡ ಎಲ್ಲಿದೆ, ಲೋಟ ಎಲ್ಲಿದೆ ಎಂದು ಕಣ್ಣು ಕಟ್ಟಿದರೂ ಗೊತ್ತಿದ್ದವಳು ನೀರು ಕೇಳಿದಳು. ಮೇಸ್ತ್ರಿ ತಂದುಕೊಟ್ಟ.

"ನಾವು ದೂರದ ಊರಿಗೆ ಹೋಗ್ತಿದೀವಿ. ಅಲ್ಲಿ ಇವರಿಗೆ ಕೆಲಸ ಸಿಕ್ಕಿದೆ. ಹೇಳಿ ಹೋಗೋಣ ಅಂತ ಬಂದೆ." ಸುತ್ತ ನೋಡಿದಳು. "ಕಿಟಕಿ ಯಾಕೆ ಮುಚ್ಚಿದೀರಿ? ಹೊಗೆ ವಾಸನೆ."

"ಧೂಳು ಬರುತ್ತೆ."

"ಮರಗೆಲಸದೋರ ಮನೇಲಿ ಹೊರಗಿನ ಧೂಳಿಗೆ ಹೆದರಿದ್ರಂತೆ!"

ಹಳೆಯ ಸಲಿಗೆ ಒಂದು ಕ್ಷಣ ತಲೆಯೆತ್ತಿತು. ಎದ್ದು ಹೋಗಿ ಚಿಲಕಕ್ಕೆ ಕೈ ಹಾಕಿದವಳು, ಬಲ್ಬಿನ ಬೆಳಕಲ್ಲಿ ಮೇಜನ್ನು ಕಂಡಳು. ಕೈ ಚಿಲಕದಲ್ಲೇ ಉಳಿಯಿತು. ಅಷ್ಟು ವರ್ಷ ಮರದ ನಡುವೆ ಬದುಕಿದವಳು. ಕಿಟಕಿ ಯಾಕೆ ಮುಚ್ಚಿದೆಯೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ರಂದ ಹೊಡೆದು ಮೇಲ್ಪದರ ಹೆರೆದಿದ್ರೆ ಹೋಗಿರೋದು" ಎಂದಳು ಮೆಲ್ಲಗೆ.

"ಹೋಗಿರೋದು."

"ಹೊಡೀಲಿಲ್ವಾ?"

"ಪುರುಸೊತ್ತಾಗ್ಲಿಲ್ಲ." ಮೇಸ್ತ್ರಿ ಮೇಜಿನ ಹತ್ತಿರ ಬಂದ. "ಆವತ್ತು ನಾನು... ನಿನಗೆ ತೊಡಕಾಗಬಾರದು ಅಂತ ಕಟ್ಟಿಟ್ಟೆ ಕಣಮ್ಮಾ. ಬೇಡ ಅಂತ ಅಲ್ಲ. ನನಗೆ ಬೇರೆ ಥರ ಮಾಡೋಕೆ ಬರಲ್ಲ." ಆಮೇಲೆ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಕೇಳಿಯೇಬಿಟ್ಟ. "ಆ ಬಟ್ಟೆ ಇದ್ರೆ ಕೊಡ್ತೀಯಾ? ಮೇಲೆ ಹಾಸಿದ್ರೆ ಇದು ಉಳಿಯುತ್ತೆ. ಕಿಟಕೀನೂ ತೆಗೀಬಹುದು."

ಅವಳ ಮುಖ ಸುಟ್ಟ ಹಾಗಾಯಿತು.

"ಬಿಚ್ಚಿಬಿಟ್ಟೆ ಮಾವ."

"ಏನು?"

"ಅವತ್ತು ವ್ಯಾನಿನಲ್ಲಿ ಕೂತು ಒಂದು ಕೊನೆ ಹಿಡಿದು ಎಳೀತಾ ಹೋದೆ. ಮನೆ ಮುಟ್ಟೋ ಹೊತ್ತಿಗೆ ಎಲ್ಲ ದಾರ ಆಗಿತ್ತು. ನನಗೆ ಸಿಟ್ಟು ಬಂದಿತ್ತು. ಅವರು ಯಾಕೆ ಅಂತ ಕೇಳ್ಲಿಲ್ಲ. ಸುತ್ತಿಕೋ ಅಂತ ಒಂದು ರಟ್ಟು ಕೊಟ್ರು, ಅಷ್ಟೆ."

ಇಬ್ಬರೂ ಮೇಜಿನ ಆಚೆಯೊಬ್ಬರು ಈಚೆಯೊಬ್ಬರು ನಿಂತಿದ್ದರು. ಅವಳು ತಾನು ತಪ್ಪಿ ಹಾಕಿದ ಕೊಂಡಿಯ ಗುರುತಿನ ಮೇಲೆ ಬೆರಳಿಟ್ಟಳು.

"ಇನ್ನೊಂದು ಹಾಕಿ ಕಳಿಸ್ತೀನಿ."

"ಈ ತಪ್ಪು ಮತ್ತೆ ಬರುತ್ತಾ?"

ಅವಳು ಅಳುತ್ತಳುತ್ತಲೇ ನಕ್ಕಳು. ಇಲ್ಲ ಎಂದು ತಲೆಯಾಡಿಸಿದಳು. ಹೊರಗೆ ವ್ಯಾನಿನ ಬಾಗಿಲು ಹಾಕಿದ ಸದ್ದಾಯಿತು. ಅವಳು ಚಿಲಕ ತೆಗೆದು ಎರಡೂ ಕದಗಳನ್ನು ಹೊರಕ್ಕೆ ನೂಕಿದಳು.

"ತೆಗೆದ್ರೆ ಹೋಗುತ್ತೆ" ಎಂದ ಮೇಸ್ತ್ರಿ.

"ಹೋಗ್ಲಿ ಮಾವ. ನೀವು ಕತ್ತಲಲ್ಲಿ ಕೂತಿರ್ತೀರ ಅಂದ್ಕೊಂಡು ನಾನು ಆ ಊರಲ್ಲಿ ಹೇಗಿರ್ಲಿ?"

ವ್ಯಾನು ಬೀದಿಯ ತಿರುವು ದಾಟಿತು. ಮೇಸ್ತ್ರಿ ಒಳಗೆ ಬಂದು ಕಿಟಕಿಯ ಚಿಲಕ ಮುಟ್ಟಿದ, ಕೈ ತೆಗೆದ. ಕಿವಿಯ ಮೇಲಿಂದ ಪೆನ್ಸಿಲು ತೆಗೆದು, ಮುಗಿದ ಮೇಜಿನ ಮೇಲೆ ಎಂದೂ ಗೀಟು ಎಳೆಯದವನು, ಎಸಳಿನ ಅಂಚಿಗೆ ಮೊನೆ ಊರಿದ. ಹೂವು ಅಳಿದುಹೋಗುವ ಮುಂಚೆ ಗುರುತು ಮಾಡಿಟ್ಟುಕೊಳ್ಳೋಣವೆಂದು. ನೇರ ಗೀಟು ಎಳೆದೇ ಪಳಗಿದ ಕೈ ಬಾಗಲಿಲ್ಲ. ಎಸಳು ಪೆಟ್ಟಿಗೆಯಾಯಿತು. ಎಂಜಲು ಹಚ್ಚಿದ ಬೆರಳಿನಿಂದ ಅದನ್ನು ಉಜ್ಜಿ ಅಳಿಸಿದ.

ಎದುರಿನಿಂದ ಹಾಸಿಗೆಯವನು ಕೂಗಿದ. "ಏನ್ ಮೇಸ್ತ್ರಿ, ಕೊಟ್ಟಿಗೆ ಕಿಟಕಿ ತೆಗೆದಿದೆ ಇವತ್ತು?"

"ಸೊಸೆ ಬಂದಿದ್ಲು" ಎಂದ ಮೇಸ್ತ್ರಿ. "ತೆಗೆದು ಹೋದ್ಲು."