ಸೀಸದ ಪಡ್ಡು

ಅಬ್ಬಾಗೆ ಬಲಗೈ ಲಕ್ವಾ ಹೊಡೆದ ಮೇಲೆ ನಮ್ಮ ಮನೆಯ ಸಾಮಾನುಗಳೆಲ್ಲ ಒಂದೊಂದಾಗಿ ಕೆಟ್ಟುಹೋದವು. ಚಹಾ ಕಪ್ಪಿನ ಹಿಡಿ ಸಣ್ಣದಾಯಿತು. ಅಂಗಿಯ ಗುಂಡಿಗಳು ಕಾಜಕ್ಕಿಂತ ದೊಡ್ಡವಾದವು. ಬಾಗಿಲ ಚಿಲಕ ಯಾರೋ ಬಿಗಿದಿಟ್ಟಂತೆ ಬಿಗಿಯಾಯಿತು. ಅಬ್ಬಾನ ಮಾತಿನ ಪ್ರಕಾರ ಕೈಯೊಂದು ಬಿಟ್ಟು ಉಳಿದದ್ದೆಲ್ಲ ಕೆಟ್ಟಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ತಮ್ಮ ಕೈಯ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಅವರೇ ಎತ್ತದ ಸುದ್ದಿಯನ್ನು ಎತ್ತುವ ಧೈರ್ಯ ನಮಗೂ ಇರಲಿಲ್ಲ.

ನಮ್ಮದು ಗಂಗಾವತಿ. ಅಬ್ಬಾ ಬಹಳ ವರ್ಷ ಟೈರ್ ಅಂಗಡಿ ನಡೆಸಿದವರು, ಈಗ ಅದನ್ನು ನನ್ನ ಅಣ್ಣ ನೋಡಿಕೊಳ್ಳುತ್ತಾನೆ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು. ಅಮ್ಮಿ ಹನುಮಸಾಗರದ ಕಡೆಯವಳು. ಅವಳ ತವರಿನಲ್ಲಿ ಮನೆಮಾತೂ ಕನ್ನಡವೇ. ಹೀಗಾಗಿ ನಮ್ಮ ಮನೆಯಲ್ಲಿ ದುವಾ ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ಜಗಳವೇ ಹೆಚ್ಚಾದ್ದರಿಂದ ನಾವೆಲ್ಲ ಕನ್ನಡದಲ್ಲಿ ಪಳಗಿದೆವು.

ಅಬ್ಬಾನ ಒಂದೇ ಶೋಕಿ ಬೀಸುಬಲೆ. ಭಾನುವಾರ ಬೆಳಿಗ್ಗೆ ಹೊಳೆ ದಂಡೆಗೆ ಹೋಗಿ, ಬಲೆಯನ್ನು ಭುಜದ ಮೇಲೆ ಮಡಿಸಿಕೊಂಡು, ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸೊಂಟ ತಿರುಗಿಸಿ ಒಗೆದರೆ ಅದು ನೀರಿನ ಮೇಲೆ ದುಂಡಗೆ ಅರಳಿ ಬೀಳುತ್ತಿತ್ತು. ಮೀನು ಸಿಗುವುದು, ಬಿಡುವುದು ಆಮೇಲಿನ ಮಾತು. ಬರಿಗೈಯಲ್ಲಿ ಬಂದ ದಿನವೂ "ಇವತ್ತ ಬಲಿ ಭಾಳ ಛಲೋ ಬಿತ್ತು" ಎಂದು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದರು. ಮೀನಿಲ್ಲದೆ ರೊಟ್ಟಿ ಮಾತ್ರ ಹೇಗೆ ಹೆಚ್ಚು ಇಳಿಯುತ್ತದೆ ಎಂದು ಅಮ್ಮಿ ಕೇಳುತ್ತಿದ್ದಳು.

ಹಾಸಿಗೆ ಬಿಟ್ಟು ಕಾಲೆಳೆಯುತ್ತ ಓಡಾಡತೊಡಗಿದ ಮೇಲೆ ಒಂದು ಮುಂಜಾನೆ ಅವರು ಗೂಟದ ಮೇಲಿನ ಬಲೆ ಇಳಿಸಿ ಹಿತ್ತಲಿನಲ್ಲಿ ಒಗೆದು ನೋಡಿದರು. ಅದು ಒಗೆಯಲು ಹಾಕಿದ ಬಟ್ಟೆಯ ಗಂಟಿನಂತೆ ಕಾಲ ಬುಡದಲ್ಲೇ ದೊಪ್ಪೆಂದು ಬಿತ್ತು. ಅಬ್ಬಾ ಬಲೆಯ ಅಂಚಿಗೆ ಸುತ್ತಲೂ ಕಟ್ಟಿದ್ದ ಸೀಸದ ತುಂಡುಗಳನ್ನು ಎಡಗೈಯಲ್ಲಿ ಎತ್ತಿ ನೋಡಿ, "ಈ ಸೀಸ ಭಾಳ ಭಾರ ಐತಿ. ಮೊದ್ಲ ಹಿಂಗ ಇರಲಿಲ್ಲ" ಎಂದರು.

ಅಮ್ಮಿಗೆ ಬಾಯಿ ತಡೆಯಲಿಲ್ಲ. "ಕುಣಿಲಾರದಾಕಿ ನೆಲ ಡೊಂಕು ಅಂದಳಂತ" ಎಂದುಬಿಟ್ಟಳು. ಬೇರೆ ದಿನಗಳಲ್ಲಿ ಇಂಥ ಮಾತಿಗೆ ಅಬ್ಬಾ ಅದಕ್ಕಿಂತ ಖಾರದ ಉತ್ತರ ಕೊಡುತ್ತಿದ್ದರು. ಅಂದು ಬಲೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ಅಮ್ಮಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಪಾಪ ಅನ್ನಿಸಿತು.

ಆಗಲೇ ನಾನು ಸೀಸದ ಪಕ್ಷ ಬಿಟ್ಟು ಅಬ್ಬಾನ ಪಕ್ಷ ಸೇರಿದ್ದು. "ಖರೇ ಅಬ್ಬಾ, ತಪ್ಪು ಸೀಸದ್ದs. ಎಲ್ಲಾ ಬಿಚ್ಚಿ ಕರಗಸೂಣು. ಅದರಾಗs ಹಗೂರ ತುಂಡು ನಾವs ಮಾಡೂಣು" ಎಂದೆ. ಅಂಗಡಿಯಲ್ಲಿ ಸಿಗುವ ತುಂಡುಗಳು ಭಾರದವೇ. ಹಗುರದ್ದು ಬೇಕೆಂದರೆ ಮನೆಯಲ್ಲೇ ಎರಕ ಹೊಯ್ಯಬೇಕು. ಅಬ್ಬಾನ ಮುಖ ಅರಳಿತು. ಆದರೆ ನನ್ನೊಳಗೆ ಒಂದು ಭಯ ಕೂತುಬಿಟ್ಟಿತು. ನಾಳೆ ಹಗುರ ಬಲೆಯೂ ಅರಳದಿದ್ದರೆ? ಆಗ ಬೈಯಲು ಸೀಸವೂ ಉಳಿಯುವುದಿಲ್ಲ. ಬಲೆ ಮತ್ತೆ ಗೂಟಕ್ಕೆ ಹೋಗುತ್ತದೆ, ಅದರ ಕೆಳಗಿನ ಕುರ್ಚಿಗೆ ಅಬ್ಬಾ. ಅಲ್ಲಿಂದ ಅವರನ್ನು ಎಬ್ಬಿಸಲು ನಮ್ಮ ಬಳಿ ಬೇರೆ ಉಪಾಯ ಇರಲಿಲ್ಲ.

ಸೀಸ ಕರಗಿಸುವುದು ದೊಡ್ಡ ವಿದ್ಯೆಯಲ್ಲ. ಇದ್ದಿಲು ಒಲೆ, ಹಳೆಯ ಕಬ್ಬಿಣದ ಸೌಟು ಇದ್ದರೆ ಆಯಿತು. ತೊಂದರೆ ಇದ್ದದ್ದು ಅಚ್ಚಿನದು. ತುಂಡುಗಳೆಲ್ಲ ಒಂದೇ ತೂಕದವು ಇರಬೇಕು. ನನಗೆ ಇದು ಕೂಡಲೇ ತಿಳಿಯಿತು, ಯಾಕೆಂದರೆ ಛತ್ರಿ ಫ್ರಾಕಿನ ಘೇರಿನಲ್ಲಿ, ಅಂದರೆ ಕೆಳಗಿನ ಸುತ್ತಿನಲ್ಲಿ, ಒಂದು ಕಡೆ ಬಟ್ಟೆ ದಪ್ಪ ಬಂದರೂ ಅದು ಆ ಕಡೆಗೇ ಜೋತುಬೀಳುತ್ತದೆ. ಬಲೆಯೂ ಒಂದು ಘೇರೇ.

ಮೊದಲು ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ. ಸೀಸ ಅದಕ್ಕೆ ಎಷ್ಟು ಪ್ರೀತಿಯಿಂದ ಅಂಟಿಕೊಂಡಿತೆಂದರೆ ಕೊನೆಗೆ ಎರಡನ್ನೂ ಒಟ್ಟಿಗೇ ಬಿಸಾಡಿದೆವು. ಮಣ್ಣಿನ ಪಣತಿ ಒಳ್ಳೆಯದೇ, ಆದರೆ ಒಂದರಂತೆ ಇನ್ನೊಂದಿಲ್ಲ. ಪಕ್ಕದ ಮನೆಯ ಅಕ್ಕ ನಮ್ಮ ಫಜೀತಿ ಕೇಳಿ, ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯ ಗೊಂಬೆ ಹೊಯ್ಯುವ ತಮ್ಮ ಕಟ್ಟಿಗೆಯ ಅಚ್ಚುಗಳನ್ನೇ ತಂದುಕೊಟ್ಟರು. ಗಿಳಿ, ನವಿಲು, ಆನೆ, ತೇರು. ಅಬ್ಬಾ ಗಿಳಿಯ ಅಚ್ಚು ಹಿಡಿದುಕೊಂಡು ಬಿಡಲೊಲ್ಲರು.

"ಬಲಿ ಸುತ್ತ ಗಿಳಿ ಕಟ್ಟಿದ್ರ ಹೆಂಗ ಕಾಣತೈತಿ ನೋಡು" ಎಂದರು.

"ಮೀನ ಹೆದರಿ ಹೊಸಪೇಟಿಗೆ ಹೊಕ್ಕಾವು" ಎಂದಳು ಅಮ್ಮಿ.

ನಾನು ಅಚ್ಚುಗಳನ್ನು ಅಬ್ಬಾನ ಕೈಯಿಂದ ಕಿತ್ತು ವಾಪಸು ಕೊಟ್ಟು ಬಂದೆ. ಸೀಸ ಹೊಟ್ಟೆಗೆ ಹೋದರೆ ವಿಷ. ಮುಂದಿನ ಹುಣ್ಣಿಮೆಗೆ ಓಣಿಯ ಮಕ್ಕಳು ತಿನ್ನುವ ಸಕ್ಕರೆ ಗಿಳಿ ಅದೇ ಅಚ್ಚಿನಿಂದ ಬರುವುದು. ಅಕ್ಕನಿಗೆ ಇದನ್ನು ಹೇಳಿದಾಗ ಅವರು ಅಚ್ಚುಗಳನ್ನು ಎದೆಗೆ ಅವಚಿಕೊಂಡು ಒಳಗೆ ಓಡಿದರು.

ಆಮೇಲೆ ಅಬ್ಬಾನ ಕಣ್ಣು ಅಡುಗೆಮನೆಯ ಪಡ್ಡಿನ ಹಂಚಿನ ಮೇಲೆ ಬಿತ್ತು. ಬೀಡಿನ, ಅಂದರೆ ಎರಕದ ಕಬ್ಬಿಣದ ಹಂಚು, ಒಂದೇ ಅಳತೆಯ ಗುಳಿಗಳು. ಅಮ್ಮಿ ಅವರ ಕಣ್ಣು ಹೋದ ದಿಕ್ಕು ನೋಡಿಯೇ ಹಂಚನ್ನು ಎತ್ತಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು. "ನನ್ನ ಹಂಚ ಮುಟ್ಟಿದ್ರ ನಾ ಹನುಮಸಾಗರದ ಬಸ್ ಹತ್ತತೀನಿ ನೋಡ್ರಿ" ಎಂದಳು. ಅಬ್ಬಾ ಬಸ್ಸಿನ ವೇಳೆ ಕೇಳಿದರು. ಕೊನೆಗೆ ನಾನೇ ಬಜಾರಕ್ಕೆ ಹೋಗಿ ಚಿಕ್ಕ ಗುಳಿಗಳ ಹೊಸ ಹಂಚು ತಂದೆ. ಅದು ಅಡುಗೆಮನೆಯ ಹೊಸ್ತಿಲು ದಾಟದಂತೆ ಮೇಲೆ ಕೆಂಪು ಪೇಂಟಿನ ಗೆರೆ ಎಳೆದು ಹಿತ್ತಲಿನಲ್ಲೇ ಇಟ್ಟೆ.

ಹೊಯ್ಯುವ ದಿನ ಗಾಳಿ ಬೆನ್ನಿಗೆ ಬರುವಂತೆ ಒಲೆ ಇಟ್ಟು, ಬೂಟು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತೆವು. ಸೀಸ ಕರಗಿ ಸೌಟಿನಲ್ಲಿ ಬೆಳ್ಳಗೆ ಹೊಳೆಯಿತು. ಈ ಹುಚ್ಚಾಟಕ್ಕೆ ತಾನು ಬರುವುದೇ ಇಲ್ಲ ಎಂದಿದ್ದ ಅಮ್ಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಸೌಟು ಎತ್ತಿದ್ದೇ ತಡ, "ನಿಲ್ಲss!" ಎಂದು ಕೂಗಿದಳು.

"ಒಣ ಹಂಚಿಗೆ ಹೊಯ್ತಾರೇನ? ಹತ್ತಿಕೊಂಡು ಕುಂದರತೈತಿ ಅದು. ನಿಮ್ಮಿಬ್ಬರಿಗೂ ಒಂದೀಟು ಬುದ್ಧಿ ಐತಿಲ್ಲೋ?"

ಒಳಗೆ ಹೋದವಳು ಅರ್ಧ ಹೋಳು ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಅದ್ದಿಕೊಂಡು ಬಂದಳು. ಕೂತು, ಒಂದೊಂದು ಗುಳಿಯನ್ನೂ ನಿಗಾ ಮಾಡಿ ತಿಕ್ಕಿದಳು. ಹುಟ್ಟಿದಾಗಿನಿಂದ ಪಡ್ಡು ತಿಂದ ನಾನು, ನನಗಿಂತ ಮೊದಲಿನಿಂದ ತಿಂದ ಅಬ್ಬಾ, ಇಬ್ಬರಿಗೂ ಅದು ಸರಿಯಾಗಿಯೇ ಕಂಡಿತು. ಹೌದಲ್ಲ, ಉಳ್ಳಾಗಡ್ಡಿ ತಿಕ್ಕದೆ ಯಾರಾದರೂ ಪಡ್ಡಿನ ಹಂಚಿಗೆ ಹೊಯ್ಯುತ್ತಾರೆಯೇ? ತಿಕ್ಕಿ ಅಮ್ಮಿ ಹಿಂದೆ ಸರಿದಳು, ನಾನು ಸೌಟು ಬಗ್ಗಿಸಿದೆ.

ಉಳ್ಳಾಗಡ್ಡಿಯ ರಸದ ಮೇಲೆ ಕುದಿಯುವ ಸೀಸ ಬಿದ್ದರೆ ಏನಾಗುತ್ತದೆಂದು ಆಗ ತಿಳಿಯಿತು. ಚಟಾರ್ ಎಂದು ಸೀಸ ಗುಳಿಯಿಂದ ಎದ್ದು ಹಾರಿತು. ಒಂದು ಹನಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ತೂತು ಕೊರೆಯಿತು, ಇನ್ನೊಂದು ಹನಿ ಪಪ್ಪಾಯಿ ಎಲೆಯನ್ನು ಸುಟ್ಟಿತು. ನಾನು ಸೌಟು ಬಿಟ್ಟು ಓಡಿದೆ. ನನಗಿಂತ ಮುಂದೆ ಅಮ್ಮಿ, ಅಮ್ಮಿಗಿಂತ ಮುಂದೆ ಅಬ್ಬಾ. ಕಾಲೆಳೆದು ನಡೆಯುತ್ತಿದ್ದ ಮನುಷ್ಯ ಎಲ್ಲರಿಗಿಂತ ಮೊದಲು ನೀರಿನ ತೊಟ್ಟಿಯ ಹಿಂದೆ ಮುಟ್ಟಿದ್ದರು. ಯಾರಿಗೂ ಏನೂ ಆಗಿಲ್ಲವೆಂದು ಗೊತ್ತಾದ ಮೇಲೆ ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಅಂದು ನಕ್ಕಷ್ಟು ನಾವು ಆ ವರ್ಷ ಒಟ್ಟು ಸೇರಿ ನಕ್ಕಿರಲಿಲ್ಲ. ಏನಾಯಿತೆಂದು ಪಕ್ಕದ ಮನೆಯ ಅಕ್ಕ ಗೋಡೆಯ ಮೇಲಿಂದ ಇಣುಕಿ ಕೇಳಿದರೆ, ಅಬ್ಬಾ ಕಣ್ಣೊರೆಸಿಕೊಳ್ಳುತ್ತ, "ಏನಿಲ್ಲವಾ, ನಮ್ಮಾಕಿ ಸೀಸಕ್ಕ ಒಗ್ಗರಣಿ ಕೊಟ್ಟಾಳ" ಎಂದರು.

ಹಂಚನ್ನು ಬೂದಿ ಹಾಕಿ ತಿಕ್ಕಿ, ಬರೀ ಬೆಂಕಿಯ ಮೇಲಿಟ್ಟು ಚೆನ್ನಾಗಿ ಒಣಗಿಸಿ ಮತ್ತೆ ಹೊಯ್ದೆವು. ಗುಳಿ ತುಂಬ ಅಲ್ಲ, ತಳ ಮುಚ್ಚುವಷ್ಟು. ಆರಿದ ಮೇಲೆ ಹಂಚು ಬೋರಲು ಮಾಡಿ ತಟ್ಟಿದರೆ ಪುಟ್ಟ ಪುಟ್ಟ ಬಿಲ್ಲೆಗಳು ಟಣಟಣ ಉದುರಿದವು. ಬೀಡಿಗೆ ಸೀಸ ಅಂಟುವುದೇ ಇಲ್ಲ, ಎಣ್ಣೆಯ ಅಗತ್ಯವೇ ಇರಲಿಲ್ಲ. ಅಣ್ಣ ತಂದ ಚಿಕ್ಕ ತಕ್ಕಡಿಯಲ್ಲಿ ತೂಗಿ, ಹೆಚ್ಚು ಕಡಿಮೆ ಬಂದವನ್ನು ಮತ್ತೆ ಸೌಟಿಗೆ ಹಾಕಿದೆವು. ಅಮ್ಮಿ ಈಗ ಪೂರ್ತಿ ನಮ್ಮ ಕಡೆ. "ಇದು ಬೆಂದಿಲ್ಲ, ಇದು ಸೀದೈತಿ" ಎಂದು ಬಿಲ್ಲೆ ಆರಿಸುತ್ತಿದ್ದಳು.

ಬಿಲ್ಲೆಗಳನ್ನು ಬಡಿದು ತೆಳ್ಳಗೆ ಮಾಡಿ ಬಲೆಯ ಅಂಚಿನ ಹಗ್ಗಕ್ಕೆ ಸುತ್ತಬೇಕು. ನಾನು ಇಕ್ಕಳದಲ್ಲಿ ಹಿಡಿದರೆ ಅಬ್ಬಾ ಎಡಗೈಯಲ್ಲಿ ಸುತ್ತಿಗೆ ಹಾಕುತ್ತಿದ್ದರು. ಒಂದು ಮಧ್ಯಾಹ್ನ ಅವರು ಕೇಳದೆಯೇ ಇಕ್ಕಳವನ್ನು ಬಲಗೈಗೆ ತೆಗೆದುಕೊಂಡರು. ಬೆರಳುಗಳು ನಡುಗಿದವು, ಹಿಡಿತ ಜಾರಿತು, ಮತ್ತೆ ಹಿಡಿದರು. ನಾನು ಬೇರೆ ಕಡೆ ನೋಡುತ್ತ ಹಗ್ಗ ಬಿಡಿಸುವ ನಾಟಕ ಮಾಡಿದೆ. ಅವರು ಹಲ್ಲಿನಲ್ಲಿ ಕಚ್ಚುವ ಜಾಗಕ್ಕೆ ಸೀಸ ಹಾಕದೆ ಖಾದಿ ಬಟ್ಟೆಯ ಪಟ್ಟಿ ಹೊಲಿದೆ.

ಒಂದು ಭಾನುವಾರ ಅಣ್ಣನ ಗಾಡಿಯಲ್ಲಿ ಹೊಳೆಗೆ ಹೋದೆವು. ಸಾಣಾಪುರದ ಕೆರೆ ಹತ್ತಿರವಿತ್ತು, ಆದರೆ ಅಲ್ಲಿ ತೆಪ್ಪದಲ್ಲಿ ಕೂತು ಫೋಟೋ ತೆಗೆಸಿಕೊಳ್ಳುವವರ ಗದ್ದಲ. ಅಬ್ಬಾಗೆ ಮಂದಿಯ ಮುಂದೆ ಒಗೆಯುವ ಮನಸ್ಸಿರಲಿಲ್ಲ. ಹೊಳೆಯ ದಂಡೆಯ ಬಂಡೆಯೊಂದರ ಮೇಲೆ ನಿಂತು, ಬಟ್ಟೆಯ ಪಟ್ಟಿ ಕಚ್ಚಿ, ಸೊಂಟ ತಿರುಗಿಸಿದರು. ಬಲೆ ಮುದ್ದೆಯಾಗಿ ನೀರಿಗೆ ಬಿತ್ತು.

ಅಬ್ಬಾ ನಿಧಾನವಾಗಿ ಬಲೆ ಎಳೆದುಕೊಂಡು ಬಿಲ್ಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದರು. ಈಗ ಯಾವುದನ್ನು ಬೈಯುತ್ತಾರೆ, ಬೈಯದೆ ಸುಮ್ಮನೆ ಗಾಡಿ ಹತ್ತಿ ಕೂತರೆ ಏನು ಮಾಡುವುದು ಎಂದು ನನಗೆ ಅಳುವೇ ಬಂದಿತ್ತು. ಅಮ್ಮಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅವರು ಮತ್ತೆ ಒಗೆದರು. ಈ ಸಲ ಬಲೆಯ ಎಡಭಾಗ ಅರಳಿತು, ಬಲಭಾಗ ಮಡಿಚಿಕೊಂಡೇ ಬಿತ್ತು. ರೊಟ್ಟಿ ಬಡಿಯಲು ಕಲಿಯುವ ಹುಡುಗಿಯ ಮೊದಲ ರೊಟ್ಟಿಯ ಹಾಗಿತ್ತು ಅದರ ಆಕಾರ. ಅಬ್ಬಾ ಅದು ಮುಳುಗುವವರೆಗೂ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ ದೊಡ್ಡದಾಗಿ ನಕ್ಕರು.

"ಸೀಸ ಬರೋಬ್ಬರಿ ಐತಿ. ಬಲೀನೂ ಬರೋಬ್ಬರಿ ಐತಿ" ಎಂದರು. ಬಲಗೈಯನ್ನು ಮುಖದ ಮುಂದೆ ಎತ್ತಿ, ಬೆರಳು ಮಡಿಚಿ ಬಿಚ್ಚಿ ನೋಡಿದರು. "ಈ ಕೈ ಒಂದs ಇನ್ನಾ ಕಲೀಬೇಕು ನೋಡು. ಕಲಿಸ್ತೀನಿ ಮಗನ್ನ."

ಅಮ್ಮಿ ನಗುತ್ತಲೇ ಅತ್ತಳು. ನಾನೂ ಅತ್ತೆ, ನಾಚಿಕೆಯಿಲ್ಲದೆ. ಅಬ್ಬಾ ನಮ್ಮಿಬ್ಬರನ್ನೂ ನೋಡಿ, "ಏನ ಅಳ್ತೀರಿ? ಬರ್ರಿ, ಬಲಿ ಎಳೀರಿ, ಇನ್ನೊಮ್ಮೆ ಒಗೀತೀನಿ" ಎಂದು ಹಗ್ಗವನ್ನು ನಮ್ಮ ಕೈಗೆ ಕೊಟ್ಟರು.