ದರ್ಜಿ ಮಾವನ ತುರಿಕೆ

ಆ ತುರಿಕೆ ತನ್ನ ಮಗುವಿಗೆ ಅಂಟಿಬಿಟ್ಟರೆ ಏನು ಗತಿ ಎಂಬ ಚಿಂತೆ ಅವಳ ತಲೆಯಿಂದ ಇಳಿದಿರಲೇ ಇಲ್ಲ. ದರ್ಜಿ ಸೋದರಮಾವನ ತುರಿಕೆ ಅಂಥಿಂಥದ್ದಲ್ಲ. ಸ್ಕೇಲಿನಿಂದ ಬೆನ್ನು, ಕತ್ತರಿಯ ಹಿಡಿಯಿಂದ ಮೊಣಕೈ ಕೆರೆದು, ಗಿರಾಕಿಯ ಎದುರೇ ಕಣ್ಣು ಮುಚ್ಚಿ ಸ್ವರ್ಗ ಕಂಡು ಬರುವರು. "ಇವರು ಕಟ್ಕೊಂಡಿದ್ದು ನನ್ನನ್ನಲ್ಲ ಕಣೇ, ಆ ಸ್ಕೇಲನ್ನ," ಎಂದು ಅತ್ತೆ ಗೊಣಗಿದರೆ, "ಅದು ಎದುರು ಮಾತಾಡಲ್ಲ ನೋಡು," ಎನ್ನುವರು. ಮಾವನ ಮಣಿಕಟ್ಟಿನ ನೇರಳೆ ಗುಳ್ಳೆಗಳನ್ನು ಕಂಡು ಅವಳು ಒಮ್ಮೆ ಅವರ ತೋಳಿನಿಂದ ಮಗುವನ್ನು ಸೆಳೆದುಕೊಂಡಿದ್ದಳು. ಆಮೇಲೂ ಮಾವ ಮಗುವಿಗೆಂದು ಹೊಲಿಯುವ ಫ್ರಾಕುಗಳು ತಪ್ಪದೆ ಬಂದವು, ಆದರೆ ಒಗೆದು, ಇಸ್ತ್ರಿ ಮಾಡಿ, ಬಾಗಿಲ ಹಿಡಿಕೆಗೆ ತೂಗುಹಾಕಿದ ಚೀಲದಲ್ಲಿ. ಅವಳು ಬಾಗಿಲು ತೆರೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದಿರುತ್ತಿದ್ದರು. ಅಂದಾಜಿನ ಮೇಲೆ ಹೊಲಿದ ಈ ಸಲದ ಫ್ರಾಕು ಬೆಳೆದ ಮಗುವಿನ ತಲೆಯಲ್ಲೇ ಸಿಕ್ಕಿಕೊಂಡಿತು. ಇವತ್ತು ಅತ್ತೆ ಆಸ್ಪತ್ರೆಯಿಂದ ಬಂದು ಹೇಳಿದರು: "ಇವರಿಗೆ ಹೆಪಟೈಟಿಸ್ ಸಿ ಅಂತೆ, ಎಷ್ಟೋ ವರ್ಷದ್ದು. ಗುಳ್ಳೆ, ತುರಿಕೆ ಎಲ್ಲಾ ಅದರ ಜೊತೆಗೇ ಬಂದಿದ್ದಂತೆ. ಮುಟ್ಟಿದ್ರೆ ಅಂಟಲ್ವಂತೆ. ಔಷಧಿ ಇದೆ, ಆದ್ರೆ ಲಿವರ್ ಆಗ್ಲೇ ಸೊರಗಿದೆ, ಮೊದಲೇ ಬರಬಾರದಿತ್ತಾ ಅಂದ್ರು ಡಾಕ್ಟ್ರು." ಮನೆಯವರೆಲ್ಲ ನಕ್ಕಿದ್ದರು, ಅವಳು ಹೆದರಿದ್ದಳು, ಡಾಕ್ಟರಿಗೆ ತೋರಿಸಿ ಎಂದು ಒಬ್ಬರೂ ಅಂದಿರಲಿಲ್ಲ. ಅವಳು ಫೋನ್ ಮಾಡಿದಳು. "ಮಾವ, ಫ್ರಾಕು ಬಿಗಿಯಾಯ್ತು." "ಹೌದೇನಮ್ಮಾ? ಕಳಿಸು, ಅಂದಾಜಲ್ಲೇ ಸ್ವಲ್ಪ ಸಡಿಲ ಮಾಡ್ತೀನಿ." "ಅಂದಾಜು ಬೇಡ ಮಾವ. ಬನ್ನಿ, ಮಗೂನ ಎತ್ಕೊಂಡು ಅಳತೆ ತಗೊಳ್ಳಿ."