ಅಪ್ಪ ಹೊಲಿಸಿಕೊಟ್ಟ ತಾಯಿತ

ಹದಿನೈದು ದಿನಕ್ಕೊಮ್ಮೆ ನಾನು ಸೀರೆ ಚೀಲ ಹೊತ್ತು ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೋಗುತ್ತಿದ್ದೆ. ವ್ಯಾಪಾರ ಬರೀ ನೆಪ. ಅಲ್ಲಿ ಅಕ್ಕ ಇದ್ದಳು. ಅವಳು ಜಾತಿ ಬಿಟ್ಟು ಮದುವೆಯಾದಾಗ ಅಪ್ಪ ‘ಪೋತೇ ಪೋನೀ’, ಹೋದರೆ ಹೋಗಲಿ, ಎಂದು ತೆಲುಗಿನಲ್ಲಿ ಕೂಗಾಡಿ, ಸತ್ತವರಿಗೆ ಮಾಡುವಂತೆ ತಲೆಗೆ ನೀರು ಹುಯ್ದುಕೊಂಡಿದ್ದ. ಅವಳ ಮನೆಗೆ ಹೋದವರು ತನ್ನ ಹೊಸಿಲು ತುಳಿಯಕೂಡದೆಂದೂ ಸಾರಿದ್ದ.

ಅಂಥ ಅಪ್ಪ ಒಂದು ದಿನ ನನ್ನ ಚೀಲದ ಒಳಗೆ ಕೆಂಪು ಬಟ್ಟೆಯ ತಾಯಿತ ಹೊಲಿಸಿಕೊಟ್ಟ. “ವ್ಯಾಪಾರ ಕುದುರ್ತೈತೆ ಕಣಮ್ಮ. ಬಿಚ್ಬಾರ್ದು, ನೀರು ತಾಕಿಸ್ಬಾರ್ದು.” ನಾನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡೆ.

ಆಮೇಲೆ ಬಸ್ಸು ಹತ್ತಿದಾಗಲೆಲ್ಲ ಫೋನು ಒಂದೇ ರಾಗ ಹಾಡತೊಡಗಿತು: ಅಪರಿಚಿತ ಟ್ರ್ಯಾಕರ್ ನಿಮ್ಮ ಜೊತೆ ಚಲಿಸುತ್ತಿದೆ. ಲೋನ್ ಕೊಡುವವರ ಕಾಟವೆಂದುಕೊಂಡು ಮೂರು ತಿಂಗಳು ಒರೆಸಿ ಹಾಕಿದೆ. ಮನೆಯಲ್ಲಿ ಬುದ್ಧಿವಂತೆ ಎಂಬ ಹೆಸರು ನನ್ನದೇ.

ಕೊನೆಗೆ ಅದನ್ನು ಸರಿಯಾಗಿ ಓದಿದವಳು ಅಕ್ಕ. ‘ಸದ್ದು ಮಾಡಿಸು’ ಎಂಬಲ್ಲಿ ಒತ್ತಿದಳು. ಚೀಲದೊಳಗಿನ ತಾಯಿತ ಕೋಳಿಮರಿಯಂತೆ ಕಿಚಿಕಿಚಿ ಎಂದಿತು. ನಾನು ಕೈಮುಗಿದೆ, ಅಕ್ಕ ಕತ್ತರಿ ತಂದಳು.

“ಬಿಚ್ಬ್ಯಾಡ ಕಣಕ್ಕ, ದೋಷ.”

“ಮನೆ ಬಿಟ್ಟೋಳಿಗೆ ಇನ್ಯಾವ ದೋಷ ತಟ್ತೈತೆ, ಬಿಡೇ.”

ಒಳಗೆ ಅರಿಶಿನ ಮೆತ್ತಿದ ಒಂದು ಬಿಳಿ ಬಿಲ್ಲೆ. ಫೋನಿಗೆ ತಾಕಿಸಿದರೆ ಅದರ ಒಡೆಯನ ನಂಬರಿನ ಕೊನೆಯ ನಾಲ್ಕು ಅಂಕಿ ಬಂದವು. ನಾನು ಯಾರದೆಂದು ಹುಡುಕುವ ಮೊದಲೇ ಅಕ್ಕ ಉಳಿದ ಆರನ್ನೂ ಬಾಯಲ್ಲೇ ಹೇಳಿದಳು. ಆ ನಂಬರಿನವನು ಅವಳ ಕರೆ ಎತ್ತಿ ನಾಲ್ಕು ವರ್ಷವಾಗಿತ್ತು.

ನಾನು ಚಾಪೆ ಕೆಳಗೆ ನುಸುಳಿದರೆ ಅಪ್ಪ ರಂಗೋಲಿ ಕೆಳಗೆ ನುಸುಳಿದ್ದ. ಫೋನು ಹೇಳಿಕೊಟ್ಟಂತೆ ಬಿಲ್ಲೆಯ ಮುಚ್ಚಳ ಒತ್ತಿ ತಿರುಗಿಸಿ ಸೆಲ್ ತೆಗೆದು ಪರ್ಸಿಗೆ ಹಾಕಿಕೊಂಡೆ. ಮೈಯೆಲ್ಲ ಉರಿಯುತ್ತಿತ್ತು. ಹೆತ್ತ ಮಗಳ ಬೆನ್ನಿಗೆ ಪತ್ತೇದಾರಿಕೆ, ಅದೂ ದೇವರ ಹೆಸರಿನಲ್ಲಿ. ಅದಕ್ಕಿಂತ ಹೆಚ್ಚು ಭಯ: ಇನ್ನು ಅಕ್ಕನ ಮುಖ ನೋಡುವಂತಿಲ್ಲ. ಅವಳೂ ಬಸ್ ಸ್ಟ್ಯಾಂಡಿನವರೆಗೆ ಬಂದು ಬಸ್ಸು ಹೊರಡುವವರೆಗೆ ನಿಂತಿದ್ದಳು.

ಮನೆಯಲ್ಲಿ ಅಪ್ಪ ಎರಡು ದಿನ ತುಟಿ ಬಿಚ್ಚಲಿಲ್ಲ. ಅವನು ಒಂದು ಅಂದರೆ ನಾಲ್ಕು ಅನ್ನಲು ನಾನು ಮಾತು ಮಸೆದುಕೊಂಡು ಕಾದೆ. ಮೂರನೆಯ ದಿನ ಫೋನು ಹಿಡಿದುಕೊಂಡು ಬಂದು ಎದುರಿಗೆ ಕೂತ.

“ಚುಕ್ಕಿ ನಿಂತೋಗೈತೆ ಕಣಮ್ಮ,” ಎಂದ. ಫೋನಿನ ನಕ್ಷೆಯಲ್ಲಿ ಅಕ್ಕನ ಊರಿನ ಮೇಲೆ ನಿಂತ ಚುಕ್ಕಿ ತೋರಿಸಿದ. “ಹೋದ್ ತಿಂಗ್ಳು ಆ ಬೀದಿ ಬಿಟ್ಟು ಊರಾಚೆ ಮನೆ ಮಾಡವ್ಳಲ್ಲ, ಅಕ್ಕಪಕ್ಕ ಯಾರಾದ್ರೂ ಅವ್ರಾ?”

“ಅವ್ರೆ ಕಣಪ್ಪ,” ಎಂದೆ. ಸಿಟ್ಟೂ ಬಂತು, ಅಳುವೂ ಬಂತು. ಎದ್ದು ಹೋಗಿ ಪರ್ಸಿನಿಂದ ಸೆಲ್ ತೆಗೆದು ಬಿಲ್ಲೆಗೆ ನಾನೇ ಹಾಕಿದೆ.